ಯುಪಿವಿಸಿ ಬಾಗಿಲಿಗೆ ಬೆಕ್ಕಿನ ಕಿಂಡಿ: ಫ್ಲ್ಯಾಪ್ ಕೊನೆಗೂ ನಡುವಿಗೆ ಬಂದು ನಿಂತಿತು

ಅಡುಗೆಮನೆಯಿಂದ ಯುಟಿಲಿಟಿಗೆ ಹೋಗುವ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಬಾಗಿಲಿನ ಕ್ಯಾಟ್ ಫ್ಲ್ಯಾಪ್, ಅಂದರೆ ಬೆಕ್ಕು ತಳ್ಳಿಕೊಂಡು ಓಡಾಡುವ ತೂಗುಬಾಗಿಲು, ಈಗ ಎರಡೂ ಕಡೆಗೆ ಸಲೀಸಾಗಿ ತೂಗುತ್ತಿದೆ, ತಾನಾಗಿಯೇ ನಡುವಿಗೆ ಬಂದು ಅಯಸ್ಕಾಂತಕ್ಕೆ ಟಕ್ ಎಂದು ಕಚ್ಚಿಕೊಳ್ಳುತ್ತಿದೆ. ಅದೂ ನಾಲ್ಕು ಸ್ಕ್ರೂ ಪೂರ್ತಿ ಬಿಗಿಯಾಗಿರುವಾಗ! ಇಷ್ಟು ದಿನ ಸತಾಯಿಸಿದ್ದೇ ಇದು. ಸ್ಕ್ರೂ ಸಡಿಲ ಇದ್ದರೆ ಫ್ಲ್ಯಾಪ್ ಚೆನ್ನಾಗಿ ಆಡುತ್ತಿತ್ತು. ಬಿಗಿ ಮಾಡಿದ ಕೂಡಲೇ ಕೆಳಗಿನ ಎಡಮೂಲೆಯಲ್ಲಿ ಉಜ್ಜಿಕೊಂಡು ಅರ್ಧಕ್ಕೇ ನಿಲ್ಲುತ್ತಿತ್ತು. ಹಾಗೆ ನಿಂತ ಕಿಂಡಿಯಿಂದ ಸೊಳ್ಳೆ ಬರುತ್ತದೆ, ಮಳೆಗಾಳಿ ಬರುತ್ತದೆ, ಬೆಕ್ಕು ಮಾತ್ರ ಅದನ್ನು ನಂಬಿ ತಲೆ ಹಾಕುವುದಿಲ್ಲ.

ಗುರುತು ಹಾಕುವುದು, ಮಾಸ್ಕಿಂಗ್ ಟೇಪ್ ಅಂಟಿಸುವುದು, ಜಿಗ್‌ಸಾ (ಸಣ್ಣ ಬ್ಲೇಡಿನ ವಿದ್ಯುತ್ ಗರಗಸ) ಹಿಡಿಯುವುದು ಇವೆಲ್ಲ ಬಲ್ಲವರಿಗೆ ಗೊತ್ತಿರುವ ಕೆಲಸ, ಬಿಡೋಣ. ಈ ಬಾಗಿಲಿಗೆ ಸಂಬಂಧಪಟ್ಟ ಅಳತೆಗಳು ಮಾತ್ರ ಇಲ್ಲಿವೆ. ಕೆಳಭಾಗದ ಪ್ಯಾನೆಲ್ 24 ಮಿ.ಮೀ. ದಪ್ಪ. ಎರಡೂ ಬದಿಗೆ ಒಂದೂವರೆ ಮಿ.ಮೀ. ಪಿವಿಸಿ ಹೊದಿಕೆ, ನಡುವೆ 21 ಮಿ.ಮೀ. ಪಾಲಿಸ್ಟೈರೀನ್ (ಥರ್ಮೋಕೋಲ್ ಜಾತಿಯ) ಫೋಮ್. ಕಟೌಟ್ (ಪ್ಯಾನೆಲಿನಲ್ಲಿ ಕತ್ತರಿಸುವ ತೂತು) 170×170, ಫ್ಲ್ಯಾಪಿನ ಫ್ರೇಮ್ (ಬಾಗಿಲಿನ ಒಳಬದಿಗೊಂದು, ಹೊರಬದಿಗೊಂದು) 220×220, ಅಂದರೆ ಸುತ್ತಲೂ 25 ಮಿ.ಮೀ. ಅಂಚು ಪ್ಯಾನೆಲ್ ಮೇಲೆ ಕೂರುತ್ತದೆ. ನಾಲ್ಕು ಸ್ಕ್ರೂಗಳೂ ಆ ಅಂಚಿನೊಳಗೆ, ಕಟೌಟಿನಿಂದ 12 ಮಿ.ಮೀ. ಹೊರಗೆ ಹಾದುಹೋಗುತ್ತವೆ. ಈ 12 ಮಿ.ಮೀ. ಲೆಕ್ಕ ನೆನಪಿರಲಿ, ಗೋಳೆಲ್ಲ ಅಲ್ಲೇ ಇತ್ತು.

ಕೊರೆಯುವ ಮೊದಲು ಪ್ಯಾನೆಲ್ ಉದ್ದಗಲಕ್ಕೂ ಒಂದು ಅಯಸ್ಕಾಂತ ಆಡಿಸಿ ನೋಡಲೇಬೇಕು. ಕೆಲವು ಪ್ಯಾನೆಲ್‌ಗಳಲ್ಲಿ ಭದ್ರತೆಗೆಂದು ಒಳಗೆ ಉಕ್ಕಿನ ಹಾಳೆ ಇರುತ್ತದೆ. ಬಾಗಿಲಿನ ಚೌಕಟ್ಟನ್ನಂತೂ ಮುಟ್ಟಲೇಬಾರದು: ಅದರ ಟೊಳ್ಳಿನಲ್ಲಿ ಜಿಂಕ್ ಲೇಪದ ಉಕ್ಕಿನ ಬಲವರ್ಧನೆ ಇರುತ್ತದೆ, ನೀರು ಹರಿದುಹೋಗುವ ದಾರಿಯೂ ಅಲ್ಲೇ ಇರುತ್ತದೆ. ಪ್ಯಾನೆಲ್ ಕೆಟ್ಟರೆ ಬೀಡಿಂಗ್ (ಪ್ಯಾನೆಲ್ ಹಿಡಿದಿಡುವ ಅಂಚುಪಟ್ಟಿ) ಎಬ್ಬಿಸಿ ಬೇರೆ ಪ್ಯಾನೆಲ್ ಕೂರಿಸಬಹುದು. ಚೌಕಟ್ಟು ಕೆಟ್ಟರೆ ಬಾಗಿಲೇ ಹೋದಂತೆ. ಕೆಳಭಾಗದಲ್ಲಿ ಪ್ಯಾನೆಲ್ ಬದಲು ಟಫನ್ಡ್ ಗಾಜು ಇದ್ದರೆ ಅದಕ್ಕೆ ಆಮೇಲೆ ತೂತು ಹೊಡೆಯಲು ಆಗುವುದೇ ಇಲ್ಲ, ಇಡೀ ಗಾಜು ಪುಡಿಯಾಗುತ್ತದೆ. ತೂತಿನ ಸಮೇತ ಹೊಸ ಗಾಜು ಮಾಡಿಸಬೇಕು ಅಥವಾ ಆ ಜಾಗಕ್ಕೆ ಪ್ಯಾನೆಲ್ ಹಾಕಿಸಬೇಕು.

ಈಗ ಉಜ್ಜುವ ಮೂಲೆಯ ವಿಷಯ. ಮೊದಲ ಅನುಮಾನ ಬಿಸಿಲಿನ ಮೇಲೆ. ಬಾಗಿಲು ಪಶ್ಚಿಮಕ್ಕಿದೆ, ಪಿವಿಸಿ ಬಿಸಿಗೆ ಹಿಗ್ಗುವುದು ಎಲ್ಲರಿಗೂ ಗೊತ್ತು. ಆದರೆ ಲೆಕ್ಕ ಹಾಕಿದರೆ ಈ ವಾದ ನಿಲ್ಲುವುದಿಲ್ಲ. ಒಂದು ಮೀಟರ್ ಯುಪಿವಿಸಿ ಒಂದು ಡಿಗ್ರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. 170 ಮಿ.ಮೀ. ಅಗಲಕ್ಕೆ 30 ಡಿಗ್ರಿ ವ್ಯತ್ಯಾಸವಾದರೂ 0.36 ಮಿ.ಮೀ. ಮೀರುವುದಿಲ್ಲ. ಫ್ಲ್ಯಾಪಿನ ಎರಡೂ ಪಕ್ಕದಲ್ಲಿ ತಲಾ ಒಂದೂವರೆ ಮಿ.ಮೀ. ಸಂದು ಇದೆ. ಮುಂಜಾನೆಯ ತಂಪಿನಲ್ಲೂ ಅದೇ ಮೂಲೆ ಉಜ್ಜುತ್ತಿತ್ತು. ಬಿಸಿಲಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ.

ಎರಡನೇ ಅನುಮಾನ ಫ್ಲ್ಯಾಪ್ ಫ್ರೇಮೇ ತಿರುಚಿದೆಯೇನೋ ಎಂದು. ಬಿಚ್ಚಿ ಗ್ರಾನೈಟ್ ಕಟ್ಟೆಯ ಮೇಲೆ ಮಲಗಿಸಿದರೆ ನಾಲ್ಕು ಮೂಲೆಯೂ ಸಮನಾಗಿ ಕೂರುತ್ತದೆ, ಕೆಳಗೆ 0.1 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಕೂಡ ನುಗ್ಗುವುದಿಲ್ಲ. ಹಾಗಾದರೆ ತಿರುಚುತ್ತಿರುವುದು ಬಿಗಿಯುವಾಗ. ಇದನ್ನು ಖಚಿತ ಮಾಡಿಕೊಳ್ಳುವ ಸುಲಭ ಪರೀಕ್ಷೆ ಇದೆ: ಫ್ಲ್ಯಾಪ್ ಮತ್ತು ಫ್ರೇಮ್ ನಡುವೆ ನಾಲ್ಕು ಕಡೆ ಕಾಗದದ ಪಟ್ಟಿ ಇಟ್ಟು ಒಂದೊಂದೇ ಸ್ಕ್ರೂವನ್ನು ಕಾಲು ಸುತ್ತು ಬಿಗಿಯುತ್ತಾ ಹೋಗುವುದು. ಮೇಲಿನ ಬಲ ಸ್ಕ್ರೂ ಬಿಗಿದರೆ ಕೆಳಗಿನ ಎಡ ಕಾಗದ ಸಿಕ್ಕಿಕೊಳ್ಳುತ್ತದೆ. ಮೇಲಿನ ಎಡ ಬಿಗಿದರೆ ಕೆಳಗಿನ ಬಲದ್ದು. ಕರ್ಣದ ಉದ್ದಕ್ಕೆ ಫ್ರೇಮ್ ತಿರುಚಿಕೊಳ್ಳುತ್ತಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಿರುಚುವುದು ಏಕೆ ಎಂಬುದೇ ಸೊಗಸಾದ ಭಾಗ. ಫ್ರೇಮ್ ತೆಗೆದು ಕಟೌಟಿನ ಅಂಚಿಗೆ ಟಾರ್ಚ್ ಹಿಡಿದು ನೋಡಿ. ಎರಡು ಹೊದಿಕೆಗಳ ನಡುವಿನ ಬಿಳಿ ಫೋಮ್ ಕತ್ತರಿಸಿದ ಗೆರೆಯವರೆಗೆ ಬಂದಿರುವುದಿಲ್ಲ. ಕೆಲವೆಡೆ 3 ಮಿ.ಮೀ., ಕೆಲವೆಡೆ 8 ಮಿ.ಮೀ. ಹಿಂದೆ ಸರಿದು, ಮೇಲ್ಮೈ ಗಾಜಿನಂತೆ ನುಣುಪಾಗಿರುತ್ತದೆ. ಜಿಗ್‌ಸಾ ಬ್ಲೇಡಿನ ಬಿಸಿಗೆ ಪಾಲಿಸ್ಟೈರೀನ್ ಕರಗಿ ಕುಗ್ಗಿದ ಗುರುತು ಅದು. ಸುಮಾರು 100 ಡಿಗ್ರಿ ಮುಟ್ಟಿದರೆ ಸಾಕು, ಅದು ಮೆತ್ತಗಾಗುತ್ತದೆ. ಪಿವಿಸಿ ಅದಕ್ಕೂ ಮೊದಲೇ, 80ರ ಆಸುಪಾಸಿನಲ್ಲಿ. ಬ್ಲೇಡ್ ನಿಧಾನಕ್ಕೆ ತಿರುಗಿದ ಮೂಲೆಗಳಲ್ಲೇ ಫೋಮ್ ಹೆಚ್ಚು ಸರಿದಿರುತ್ತದೆ, ಮತ್ತು ಸ್ಕ್ರೂಗಳು ಇರುವುದೂ ಮೂಲೆಗಳಲ್ಲೇ. ಆಸರೆ ಇಲ್ಲದ ಒಂದೂವರೆ ಮಿ.ಮೀ. ಹೊದಿಕೆ ಸ್ಕ್ರೂವಿನ ಒತ್ತಡಕ್ಕೆ ಹಪ್ಪಳದ ಹಾಗೆ ಒಳಕ್ಕೆ ಬಾಗುತ್ತದೆ. ಒಂದು ಮೂಲೆಯಲ್ಲಿ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಅಳೆದರೆ ಒಂದು ಮೂಲೆಯಲ್ಲಿ 0.6 ಮಿ.ಮೀ. ತಗ್ಗು ಸಿಕ್ಕಿತು. ಅಷ್ಟಕ್ಕೇ ಫ್ರೇಮ್ ತಿರುಚಿ, ಹಿಂಜಿನ ಗೆರೆ ಓರೆಯಾಗಿ, ಕೆಳ ಅಂಚಿನ ಒಂದೂವರೆ ಮಿ.ಮೀ. ಸಂದು ಮಾಯ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಖಾಲಿ ಜಾಗಕ್ಕೆ ಏನಾದರೂ ತುಂಬು ಎಂದು. ಪಿಯು (ಪಾಲಿಯುರೆಥೇನ್) ಫೋಮ್ ತುಂಬಿದರೆ ಅದು ಉಬ್ಬಿ ಹೊದಿಕೆಯನ್ನು ಹೊರಕ್ಕೆ ತಳ್ಳುತ್ತದೆ. ತಗ್ಗು ಹೋಗಿ ದಿಬ್ಬ ಬರುತ್ತದೆ, ತಿರುಚು ಹಾಗೇ ಉಳಿಯುತ್ತದೆ. ಮರದ ಪಟ್ಟಿ ಕೂರಿಸಿದರೆ ಮಳೆಗಾಲದಲ್ಲಿ ತೇವ ಕುಡಿದು ಅದೂ ಊದುತ್ತದೆ. ಪೈಪಿಗೆ ಹಚ್ಚುವ ಸಾಲ್ವೆಂಟ್ ಸಿಮೆಂಟ್ ಬಳಿಯಲೂ ಬರಕೂಡದು, ಪಾಲಿಸ್ಟೈರೀನ್ ಅದರಲ್ಲಿ ಸಕ್ಕರೆಗಿಂತ ಬೇಗ ಕರಗುತ್ತದೆ. ಎಪಾಕ್ಸಿ ಪುಟ್ಟಿ ತುಂಬಬಹುದು, ನಾಲ್ಕು ಮೂಲೆಯಲ್ಲೂ ಒಂದೇ ಮಟ್ಟಕ್ಕೆ ತರುವುದು ಕಷ್ಟ.

ಪ್ಯಾನೆಲ್‌ಗೆ ಬಲ ಕೊಡುವ ಬದಲು ಫ್ರೇಮ್ ಪ್ಯಾನೆಲ್ ಮೇಲೆ ಭಾರ ಹಾಕದಂತೆ ಮಾಡುವುದೇ ಸರಿ. ಪ್ರತಿ ಸ್ಕ್ರೂಗೂ ಒಂದು ಅಲ್ಯೂಮಿನಿಯಂ ಸ್ಲೀವ್, ಅಂದರೆ ಸ್ಕ್ರೂ ಒಳಗೆ ಹಾದುಹೋಗುವ ಕೊಳವೆ ತುಂಡು. ಒಳ ಫ್ರೇಮ್ ಸ್ಲೀವಿನ ಒಂದು ತುದಿಗೆ, ಹೊರ ಫ್ರೇಮ್ ಇನ್ನೊಂದು ತುದಿಗೆ ಒತ್ತಿ ಕೂರುತ್ತವೆ, ಎರಡೂ ಫ್ರೇಮ್ ಒಂದಕ್ಕೊಂದು ಸಮಾನಾಂತರ. ಪ್ಯಾನೆಲ್ ನಡುವೆ ಬರೀ ಫೋಮ್ ಟೇಪಿನ ಒತ್ತಡದಲ್ಲಿ ನಿಂತಿರುತ್ತದೆ, ಅದು ತುಸು ಬಾಗಿದ್ದರೂ ಫ್ರೇಮ್‌ಗೆ ಗೊತ್ತೇ ಆಗುವುದಿಲ್ಲ.

ಲೆಕ್ಕ ಹೀಗೆ. ಫ್ರೇಮ್ ಅಂಚಿನ ಕೆಳಗೆ ಎರಡೂ ಕಡೆ 3 ಮಿ.ಮೀ. ದಪ್ಪದ ಕ್ಲೋಸ್ಡ್ ಸೆಲ್ (ನೀರು ಹೀರದ) ಫೋಮ್ ಟೇಪ್. ಒತ್ತಿದಾಗ ಅದು 1 ಮಿ.ಮೀ. ಆಗಬೇಕು. 1 + 24 + 1, ಸ್ಲೀವಿನ ಉದ್ದ 26 ಮಿ.ಮೀ. ಹೊರ ವ್ಯಾಸ 8, ಗೋಡೆ 1 ಮಿ.ಮೀ., ಒಳಗೆ 6 ಉಳಿಯುತ್ತದೆ, ಎಂ4 (4 ಮಿ.ಮೀ. ವ್ಯಾಸದ) ಸ್ಕ್ರೂ ಆರಾಮಾಗಿ ಹೋಗುತ್ತದೆ. ಪ್ಯಾನೆಲಿನ ತೂತು 8.5, ಸ್ಲೀವ್ ಅದರಲ್ಲಿ ಸಿಕ್ಕಿಕೊಳ್ಳದೆ ಸಡಿಲವಾಗಿ ಜಾರಬೇಕು. ಸ್ಕ್ರೂ ಉದ್ದ: ಒಳ ಫ್ರೇಮ್ 3, ಸ್ಲೀವ್ 26, ಹೊರ ಫ್ರೇಮಿನ ಹಿತ್ತಾಳೆ ಇನ್ಸರ್ಟಿನೊಳಗೆ (ಸ್ಕ್ರೂ ಹಿಡಿಯುವ ಮರೆಯಿರುವ ತುಂಡು) 6, ಒಟ್ಟು 35. ಎಂ4×35 ಸ್ಟೇನ್‌ಲೆಸ್ ಪ್ಯಾನ್ ಹೆಡ್ ಸಿದ್ಧ ಅಳತೆಯಲ್ಲೇ ಸಿಗುತ್ತದೆ.

ಸ್ಲೀವ್ ನಿಖರವಾಗಿ 26 ಇರದಿದ್ದರೂ ನಡೆಯುತ್ತದೆ, ನಾಲ್ಕೂ ಒಂದೇ ಉದ್ದ ಇರದಿದ್ದರೆ ನಡೆಯುವುದಿಲ್ಲ. ಲೇತ್ ಇಲ್ಲದವರಿಗೆ ಒಂದು ಜಿಗ್ (ಒಂದೇ ಅಳತೆ ಬರಿಸುವ ಅಚ್ಚು): 18 ಮಿ.ಮೀ. ಪ್ಲೈವುಡ್ ತುಂಡಿಗೆ 6 ಮಿ.ಮೀ. ಪ್ಲೈ ಅಂಟಿಸಿ, ಮೇಲೊಂದು ಕೆಳಗೊಂದು 1 ಮಿ.ಮೀ. ಮೈಕಾ ಹಾಳೆ ಒತ್ತಿ, ಡ್ರಿಲ್ ಸ್ಟ್ಯಾಂಡಿನಲ್ಲಿ ನೆಟ್ಟಗೆ 8 ಮಿ.ಮೀ. ತೂತು. ಹ್ಯಾಕ್‌ಸಾದಿಂದ 27 ಮಿ.ಮೀ. ತುಂಡು ಕತ್ತರಿಸಿ ಅದರೊಳಗೆ ತೂರಿಸಿ, ಎರಡೂ ಬದಿ ಮೈಕಾ ಮಟ್ಟಕ್ಕೆ ಅರ ಹಾಕಿ. ಮೈಕಾ ಗಟ್ಟಿಯಾದ್ದರಿಂದ ಅರ ಅಷ್ಟು ಬೇಗ ಕೆಳಗಿಳಿಯುವುದಿಲ್ಲ. ವರ್ನಿಯರ್‌ನಲ್ಲಿ ನಾಲ್ಕೂ 26.1, ವ್ಯತ್ಯಾಸ 0.05 ಒಳಗೆ. ಕೊನೆಗೆ ಒಳ ಅಂಚಿನ ಸಿಪ್ಪೆ ತೆಗೆಯುವುದನ್ನು ಮರೆಯಬಾರದು. ಅಲ್ಲಿ ಒಂದು ಚೂರು ಉಳಿದರೂ ಸ್ಲೀವ್ ಓರೆ ಕೂರುತ್ತದೆ.

ಈಗ ಬಿಗಿಯುವಾಗಿನ ಅನುಭವವೇ ಬೇರೆ. ಟೇಪ್ ಒತ್ತುವವರೆಗೆ ಸ್ಕ್ರೂ ಮೆತ್ತಗೆ ತಿರುಗುತ್ತದೆ, ಸ್ಲೀವ್ ಕಚ್ಚಿದ ಕ್ಷಣ ಕಲ್ಲಿಗೆ ತಗುಲಿದಂತೆ ನಿಲ್ಲುತ್ತದೆ. ಅಲ್ಲಿಗೆ ಸಾಕು. ಅದರ ಮೇಲೆ ಜೋರು ಮಾಡಿದರೆ ಹಿತ್ತಾಳೆ ಇನ್ಸರ್ಟ್ ಕಿತ್ತು ಬರುತ್ತದೆ. ಕಾಗದದ ಪಟ್ಟಿ ನಾಲ್ಕೂ ಕಡೆ ಸಲೀಸಾಗಿ ಎಳೆದುಕೊಂಡು ಬಂತು.

ಅಂಗಡಿಗಳ ಬಗ್ಗೆ ಹೇಳದೆ ಇರಲಾಗದು. ಡಬ್ಬದ ಮೇಲೆ ‘ಎಲ್ಲ ಬಾಗಿಲಿಗೂ ಹೊಂದುತ್ತದೆ’ ಎಂದು ಬರೆದು ಒಳಗೆ 25 ಮಿ.ಮೀ. ಸ್ಕ್ರೂ ಕೊಡುತ್ತಾರೆ, 24 ಮಿ.ಮೀ. ಪ್ಯಾನೆಲ್ ದಾಟಿ ಅದು ಎಲ್ಲಿ ಹಿಡಿಯಬೇಕು? ಜೊತೆಗಿದ್ದ ಟೆಂಪ್ಲೇಟ್ ಜೆರಾಕ್ಸ್ ಪ್ರತಿ, ಸ್ಕೇಲ್ ಇಟ್ಟರೆ 170 ಇರಬೇಕಾದ್ದು 164. ಟೆಂಪ್ಲೇಟ್ ನಂಬದೆ ಫ್ಲ್ಯಾಪಿನ ಟನಲ್ ಅನ್ನೇ (ತೂತಿನೊಳಗೆ ಕೂರುವ ಭಾಗ) ಅಳೆದು 2 ಮಿ.ಮೀ. ಸೇರಿಸಿ ಗುರುತು ಹಾಕಬೇಕು. ಬಾಗಿಲು ಮಾಡಿಕೊಟ್ಟವರನ್ನು ಪ್ಯಾನೆಲ್ ಒಳಗೆ ಏನಿದೆ ಎಂದು ಕೇಳಿದರೆ ‘ಸ್ಟ್ಯಾಂಡರ್ಡ್ ಸಾರ್’ ಎನ್ನುವುದೊಂದೇ ಉತ್ತರ. ಅಲ್ಯೂಮಿನಿಯಂ ಟ್ಯೂಬ್ 12 ಅಡಿ ಉದ್ದಕ್ಕೆ ಕಡಿಮೆ ಕೊಡುವುದಿಲ್ಲ, ಬೇಕಾಗಿದ್ದದ್ದು ಒಂದು ಗೇಣು. ಬೆಂಗಳೂರಿನವರು ಎಸ್‌.ಜೆ.ಪಿ. ರಸ್ತೆಯಲ್ಲಿ ತುಂಡು ಕೇಳಿ ನೋಡಬಹುದು. ಫ್ರೇಮ್ ಸುತ್ತ ಸಂದು ಮುಚ್ಚುವ ಸಿಲಿಕೋನ್ ಕೊಳ್ಳುವಾಗ ‘ನ್ಯೂಟ್ರಲ್’ ಎಂದು ಕೇಳಿದರೂ ‘ಎಲ್ಲಾ ಒಂದೇ’ ಎಂದು ಬೇರೆಯದನ್ನು ಕೊಡುತ್ತಾರೆ. ಮೂತಿ ಕತ್ತರಿಸಿದಾಗ ವಿನೆಗರ್ ವಾಸನೆ ಬಂದರೆ ಅದು ಅಸಿಟಿಕ್, ಯುಪಿವಿಸಿ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ವಾಪಸ್ ಕೊಡಿ.

ಎತ್ತರದ ವಿಚಾರದಲ್ಲಿ ಯುಪಿವಿಸಿ ಬಾಗಿಲು ರಾಜಿ ಮಾಡಿಸುತ್ತದೆ. ಕಿಂಡಿಯ ಹೊಸ್ತಿಲು ಬೆಕ್ಕಿನ ಹೊಟ್ಟೆಯ ಮಟ್ಟಕ್ಕೆ, ನೆಲದಿಂದ 10ರಿಂದ 15 ಸೆಂ.ಮೀ. ಇರಬೇಕು. ಇಲ್ಲಿ ಕೆಳಚೌಕಟ್ಟು ಮತ್ತು ಬೀಡಿಂಗ್ 125 ಮಿ.ಮೀ.ವರೆಗೆ ಬರುತ್ತದೆ. ಬೀಡಿಂಗಿನಿಂದ 15 ಬಿಟ್ಟು, ಫ್ರೇಮ್ ಅಂಚಿಗೆ 25 ಕೊಟ್ಟರೆ ಹೊಸ್ತಿಲು 165ಕ್ಕೆ ಏರುತ್ತದೆ. ಎರಡೂ ಬದಿಗೆ 40 ಮಿ.ಮೀ. ಹಲಗೆ ಮೆಟ್ಟಿಲು ಇಟ್ಟರೆ ಸರಿಹೋಗುತ್ತದೆ. ಬಾಗಿಲು ತೆರೆಯುವ ಕಡೆಯ ಹಲಗೆ ಸರಿಸಲು ಬರುವಂತಿರಲಿ. ಮಹಡಿ ಮನೆಯಾದರೆ ಯುಟಿಲಿಟಿಗೆ ಬಲೆ ಬಿಗಿಯದೆ ಕಿಂಡಿ ತೆರೆಯಲೇಬೇಡಿ. ಗ್ರಿಲ್ಲಿನ ಸಂದು ತಲೆ ತೂರುವಷ್ಟಿದ್ದರೆ ಬೆಕ್ಕು ಪೂರ್ತಿ ತೂರುತ್ತದೆ.

ಸ್ಲೀವ್ ಜಿಗ್ ಒಣಗಲು ಕಾಯುವಾಗ ಮುಂದಿನ ಕೆಲಸದ ಚಿತ್ರವೂ ಸಿದ್ಧವಾಯಿತು. ಬೆಕ್ಕಿಗೆ ಗಂಟೆ ಕಟ್ಟುವ ಬದಲು ಬಾಗಿಲಿಗೇ ಕಟ್ಟುವುದು: ಫ್ಲ್ಯಾಪಿನ ಅಯಸ್ಕಾಂತ ಹೇಗೂ ಇದೆ, ಹೊಸ್ತಿಲ ಒಳಗೆ ಮತ್ತು ಹೊರಗೆ ಒಂದೊಂದು ಹಾಲ್ ಸೆನ್ಸರ್ (ಅಯಸ್ಕಾಂತ ಹತ್ತಿರ ಬಂದರೆ ಗುರುತಿಸುವ ಬಿಡಿಭಾಗ), ಒಂದು ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್). ಯಾವ ಸೆನ್ಸರ್ ಮೊದಲು ಎಚ್ಚರವಾಯಿತು ಎಂಬುದರಿಂದ ಬೆಕ್ಕು ಒಳಗೆ ಬಂತೋ ಹೊರಗೆ ಹೋಯಿತೋ ತಿಳಿಯುತ್ತದೆ. ಎ3144 ತರಹದ ಸೆನ್ಸರ್ ಅಯಸ್ಕಾಂತದ ಒಂದು ಧ್ರುವಕ್ಕೆ ಮಾತ್ರ ಸ್ಪಂದಿಸುತ್ತದೆ, ಅಂಟಿಸುವ ಮೊದಲು ಮುಖ ತಿರುಗಿಸಿ ಪರೀಕ್ಷಿಸಬೇಕು. ಬೀದಿಯ ಬೇರೆ ಬೆಕ್ಕುಗಳನ್ನು ತಡೆಯಲು, ಸಾಕಿದ ಬೆಕ್ಕಿನ ಚರ್ಮದಡಿಯ ಗುರುತು ಚಿಪ್ ಓದುವ ಚಿಪ್ ರೀಡರ್ ಕೂಡ ಆಸೆಯ ಪಟ್ಟಿಯಲ್ಲಿದೆ. ಇಲ್ಲಿ ಒಂದು ಎಚ್ಚರಿಕೆ: ಅಗ್ಗಕ್ಕೆ ಸಿಗುವ ಆರ್‌ಡಿಎಂ6300 ಮಾಡ್ಯೂಲ್ 125 ಕಿಲೋಹರ್ಟ್ಸ್‌ನದ್ದು, ಕಚೇರಿ ಕಾರ್ಡ್ ಓದುತ್ತದೆ. ಪಶುವೈದ್ಯರು ಹಾಕುವ 15 ಅಂಕಿಯ ಚಿಪ್ 134.2 ಕಿಲೋಹರ್ಟ್ಸ್, ಐಎಸ್‌ಒ 11784 ಮತ್ತು 11785 ಮಾದರಿ. ಜಪ್ಪಯ್ಯ ಎಂದರೂ ಆ ಮಾಡ್ಯೂಲ್ ಇದನ್ನು ಓದುವುದಿಲ್ಲ, ‘ಪೆಟ್ ಚಿಪ್ ರೀಡರ್’ ಎಂದು ಯಾರು ಮಾರಿದರೂ ಸರಿ. ಪ್ಯಾನೆಲ್‌ನಲ್ಲಿ ಲೋಹವಿಲ್ಲದಿರುವುದು ಇಲ್ಲಿ ದೊಡ್ಡ ಅನುಕೂಲ, ಸುತ್ತ ಲೋಹ ಇದ್ದರೆ ಆಂಟೆನಾದ ಓದುವ ದೂರ ಕುಸಿಯುತ್ತದೆ.

ಈಗ ಉಳಿದಿರುವುದು ಹೊರಗಿನ ಸಿಲಿಕೋನ್. ಮೇಲ್ಗಡೆ ಮತ್ತು ಎರಡು ಪಕ್ಕಕ್ಕೆ ಮಾತ್ರ ಎಳೆಯಬೇಕು. ಕೆಳಗೆ ಎಳೆಯಬಾರದು, ಹೊರಗಿನ ಟೇಪನ್ನೂ ಕೆಳ ಅಂಚಿನ ನಡುವೆ ಒಂದು ಇಂಚು ಬಿಡಿಸಿ ಅಂಟಿಸಬೇಕು. ಜೋರು ಮಳೆಯಲ್ಲಿ ನುಗ್ಗಿದ ನೀರಿಗೆ ವಾಪಸ್ ಹೋಗಲು ಇರುವುದು ಅದೊಂದೇ ದಾರಿ. ಟೇಪ್ ಗುರುತು ಒರೆಸಲು ಥಿನ್ನರ್ ಬೇಡ, ಪಿವಿಸಿ ಹೊಳಪು ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಸಿಲಿಕೋನ್ ಒಂದು ಇಡೀ ದಿನ ಒಣಗುವವರೆಗೆ ಫ್ಲ್ಯಾಪನ್ನು ಮೇಲೆತ್ತಿ ಟೇಪ್ ಹಾಕಿ ತೆರೆದೇ ಇಟ್ಟರೆ ಬೆಕ್ಕಿಗೂ ಆ ದಾರಿ ಅಭ್ಯಾಸವಾಗುತ್ತದೆ.