ಜೇವರ್ಗಿಗೆ ಕಾರಲ್ಲೇ ಯಾಕೆ ಹೋಗ್ತೀರಿ ಅಂತ ಕೇಳುವವರಿಗೆ

ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಲಿ.

ನನ್ನ ತವರು ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಮದುವೆಯಾಗಿ ಮೈಸೂರಿಗೆ ಬಂದು ಹದಿನೆಂಟು ವರ್ಷ. ವರ್ಷಕ್ಕೆ ಎರಡು ಸಲ ಊರಿಗೆ ಹೋಗುತ್ತೇನೆ, ಕಾರಲ್ಲಿ, ನಾನೇ ಓಡಿಸಿಕೊಂಡು. ಆರುನೂರು ಕಿಲೋಮೀಟರಿನ ಹತ್ತಿರ ಆಗುತ್ತೆ. ಬಳ್ಳಾರಿಯಲ್ಲಿ ಒಂದು ರಾತ್ರಿ ಉಳಿಯುತ್ತೇನೆ. ಇದನ್ನು ಕೇಳಿದ ತಕ್ಷಣ ಜನ ಹೇಳೋದು ಒಂದೇ: "ರೈಲಿದೆಯಲ್ಲ, ರಾತ್ರಿ ಮಲಗಿದ್ರೆ ಆಯ್ತು. ಕಲಬುರಗಿಗೆ ವಿಮಾನ ನಿಲ್ದಾಣಾನೂ ಆಗಿದೆ. ಸುಮ್ನೆ ಎರಡು ದಿನ ದಾರೀಲಿ ಯಾಕೆ ಹಾಳ್ಮಾಡ್ಕೋತೀರಿ? ಅಲ್ಲಿ ನೋಡೋಕೆ ಏನಿದೆ, ಬರೀ ಬಯಲು."

ರೈಲಿರೋದು ನನಗೂ ಗೊತ್ತು. ವಿಮಾನ ನಿಲ್ದಾಣ 2019ರಲ್ಲಿ ಶುರುವಾದದ್ದೂ ಗೊತ್ತು, ಅದು ನನ್ನ ಜಿಲ್ಲೆ. ನನಗೆ ಚುಚ್ಚೋದು "ಬರೀ ಬಯಲು" ಅನ್ನೋ ಮಾತು. ಇದೇ ಜನ ಮಡಿಕೇರಿಗೆ ಹೊರಟರೆ ಯಾಕೆ ಅಂತ ಯಾರೂ ಕೇಳೋದಿಲ್ಲ. ಮಂಜು, ಕಾಫಿ ತೋಟ, ಜಲಪಾತ ಇದ್ದರೆ ಅದು ಪ್ರವಾಸ. ಹೊಲ, ಬಂಡೆ, ಜಾಲಿ ಗಿಡ ಇದ್ದರೆ ಅದು ಕಣ್ಮುಚ್ಚಿ ದಾಟಿಬಿಡಬೇಕಾದ ಜಾಗ. ಹಸಿರಾಗಿಲ್ಲದ ನೆಲದಲ್ಲಿ ಏನೂ ಇಲ್ಲ ಅನ್ನುವವರಿಗೆ ನೆಲವನ್ನು ನೋಡಲು ಬರುವುದಿಲ್ಲ ಅಂತ ನಾನು ಮುಖದ ಮೇಲೇ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ನಾನು ಹೋಗುವ ರಸ್ತೆಯ ಸಂಖ್ಯೆ 150ಎ. ಒಂದು ತುದಿ ಚಾಮರಾಜನಗರ, ಇನ್ನೊಂದು ತುದಿ ಜೇವರ್ಗಿ. ಮೈಸೂರು ಬಿಟ್ಟರೆ ಶ್ರೀರಂಗಪಟ್ಟಣ, ನಾಗಮಂಗಲ, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಲಿಂಗಸುಗೂರು, ಸುರಪುರ. ಕಾವೇರಿಯನ್ನು ಬಿಟ್ಟು ಹೊರಟವಳು ತುಂಗಭದ್ರೆ ದಾಟಿ, ಕೃಷ್ಣೆ ದಾಟಿ ಮನೆ ಸೇರುತ್ತೇನೆ. ನಮ್ಮ ಮನೆ ಬಾಗಿಲಿಂದ ನಮ್ಮ ಅಪ್ಪನ ಮನೆಗೆ ಸರ್ಕಾರವೇ ಒಂದು ದಾರಿ ಹಾಕಿಕೊಟ್ಟಿದೆ ಅಂತ ನನಗೆ ಪ್ರತಿ ಸಲ ಅನ್ನಿಸುತ್ತೆ.

2022ರ ನವೆಂಬರಿನಲ್ಲಿ ಅಪ್ಪನನ್ನು ಕಣ್ಣಿನ ಪೊರೆ ತೆಗೆಸಲು ಮೈಸೂರಿಗೆ ಕರೆಸಿಕೊಂಡಿದ್ದೆ. ಒಂದು ತಿಂಗಳು ನಮ್ಮ ಮನೆಯಲ್ಲಿದ್ದ. ಮಾತೇ ಇಲ್ಲ. ಊರಲ್ಲಿ ಕಟ್ಟೆ ಮೇಲೆ ಕೂತರೆ ಎದ್ದು ಬಾರದ ಮನುಷ್ಯ ಇಲ್ಲಿ ಮೂಲೆ ಹಿಡಿದು ಕೂತುಬಿಟ್ಟ. ಪಕ್ಕದ ಮನೆಯವರು ಒಂದು ದಿನ ಏನೋ ಕೇಳಿದರು, ಅಪ್ಪ ಉತ್ತರ ಕೊಟ್ಟ, ಅವರ ಮೊಮ್ಮಗ ನಕ್ಕ. ಅಪ್ಪನ ಕಲಬುರಗಿ ಕಡೆಯ ಕನ್ನಡಕ್ಕೆ ನಕ್ಕ. ಅವತ್ತಿನಿಂದ ಅಪ್ಪ ಯಾರ ಹತ್ತಿರವೂ ಮಾತಾಡಲಿಲ್ಲ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲದಲ್ಲಿ ಇರಲೇಬೇಕು ಅಂತ ಹಟ ಹಿಡಿದ. ಬರುವಾಗ ರಾತ್ರಿ ರೈಲಲ್ಲಿ ಕರೆತಂದಿದ್ದೆ, ಹೋಗುವಾಗ ಕಾರಲ್ಲಿ ಹೊರಟೆವು. ಹೊಸ ಕಣ್ಣು, ಕಪ್ಪು ಕನ್ನಡಕ, ಮಡಿಲಲ್ಲಿ ಟವೆಲು.

ಪಾಂಡವಪುರದ ಕಡೆ ನಾಲೆ, ಕಬ್ಬು, ಗದ್ದೆ. ಅಪ್ಪ ಸುಮ್ಮನೆ ನೋಡಿದ. ನಾಗಮಂಗಲ ಹತ್ತಿರವಾದ ಹಾಗೆ ನಾಲೆ ನಿಂತುಹೋಗಿ ಕೆಮ್ಮಣ್ಣಿನ ಹೊಲ, ಕೊಯ್ದ ರಾಗಿಯ ಗುಡ್ಡೆ. ಅಲ್ಲೊಂದು ಹಳ್ಳಿಯ ಮುಂದೆ ಹುರುಳಿಯನ್ನು ಬೇರುಸಮೇತ ಕಿತ್ತು ರಸ್ತೆಯ ಉದ್ದಕ್ಕೂ ಹಾಸಿದ್ದರು. ಓಡಾಡುವ ವಾಹನಗಳೇ ತುಳಿದು ಕಾಯಿ ಒಡೆಯುತ್ತವೆ, ಸಂಜೆ ಬಂದು ಹೊಟ್ಟು ಒತ್ತಟ್ಟಿಗೆ, ಕಾಳು ಒತ್ತಟ್ಟಿಗೆ ಮಾಡಿಕೊಂಡು ಹೋಗುತ್ತಾರೆ. ನಾನು ನಿಧಾನಕ್ಕೆ ಅದರ ಮೇಲೇ ಓಡಿಸಿದೆ. ಅಪ್ಪ ಒಂದು ತಿಂಗಳಲ್ಲಿ ಮೊದಲ ಸಲ ದನಿ ಎತ್ತಿದ್ದು ಅಲ್ಲಿ: "ಯವ್ವಾ, ಮಂದಿ ರಾಶಿ ಮ್ಯಾಲ ಹಾಯ್ಸಕತ್ತೀಯಲ್ಲ, ನಿಂದ್ರಸು!"

ಇದೇ ಅವರ ಕಣ ಅಂತ ವಿವರಿಸಿದೆ. ನಂಬಲಿಲ್ಲ. ಇಳಿದು, ರಸ್ತೆ ಬದಿಯಲ್ಲಿ ಕೂತಿದ್ದ ಮುದುಕಿಯನ್ನು ಕೇಳಿದ. ಅವಳ ಮಾತು ಇವನಿಗೆ ಅರ್ಧ, ಇವನ ಮಾತು ಅವಳಿಗೆ ಅರ್ಧ. ಕೊನೆಗೆ ಇಬ್ಬರೂ ಕಾಯಿ ಒಡೆದು ಅಂಗೈಯಲ್ಲಿ ಕಾಳು ಹಿಡಿದು ನೋಡುತ್ತಾ ನಿಂತರು. ಆಮೇಲೆ ಅಪ್ಪನಿಗೆ ಬಾಯಿ ಬಂತು.

ತುರುವೇಕೆರೆಯಿಂದ ಮುಂದೆ ತೆಂಗೋ ತೆಂಗು. ಇಷ್ಟು ಕಾಯಿ ಯಾರು ಒಡೆಯುತ್ತಾರೆ, ಎಷ್ಟು ಗುಡಿ ಅದಾವು ಇಲ್ಲಿ ಅಂತ ಕೇಳಿದ. ಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಇಟ್ಟು ಚಿಪ್ಪಿನೊಳಗೇ ಕೊಬ್ಬರಿ ಒಣಗಿಸಿ ತಿಪಟೂರಿಗೆ ಒಯ್ಯುತ್ತಾರೆ ಅಂದೆ. ಮುಂದೆ ಹಿರಿಯೂರಿನ ಹತ್ತಿರ ಮಾರಿಕಣಿವೆ ಅಣೆಕಟ್ಟು ಇದೆ, ಅದು ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಹರಿದದ್ದು ನಾವು ಹೋದ ವರ್ಷವೇ, 2022ರ ಸೆಪ್ಟೆಂಬರಿನಲ್ಲಿ. ಅದನ್ನು ಹೇಳಿದಾಗ ಹಿರಿಯೂರು ದಾಟುವವರೆಗೂ ಬೆರಳು ಮಡಚಿ ಲೆಕ್ಕ ಹಾಕಿದ. "ಎಂಬತ್ತೊಂಬತ್ತು ವರ್ಷ ಕಾದಾರಲ್ಲ ಮಂದಿ. ನಾವು ಒಂದು ಮಳಿಗೆ ಬೈತೀವಿ."

ಮರುದಿನ ಬಳ್ಳಾರಿ ಬಿಟ್ಟು ಸಿರುಗುಪ್ಪದ ಕಡೆ ಹೊರಟೆವು. ಮೆಣಸಿನಕಾಯಿ ಹೊಲಗಳು ಕೆಂಪಾಗತೊಡಗಿದ್ದವು. ಅಪ್ಪ ಮತ್ತೆ ನಿಲ್ಲಿಸು ಅಂದ. ಇಳಿದು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದು ಹೆಂಟೆ ಎತ್ತಿಕೊಂಡ. ಎರೆ ಮಣ್ಣು, ನಮ್ಮ ಕಡೆಯ ಕಪ್ಪು ನೆಲ. ಉಗುರಿನಿಂದ ಕೆರೆದ, ಉಗುಳು ಹಚ್ಚಿ ತಿಕ್ಕಿದ, ಬೆರಳಿಗೆ ಮೇಣದ ಹಾಗೆ ಅಂಟಿತು. "ನಮ್ದು ಬಂತವ್ವಾ" ಅಂದ. ಈ ಮಣ್ಣು ಮಳೆಗಾಲದ ಹಸಿಯನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತೆ. ಹಿಂಗಾರಿ ಜೋಳ ಮೇಲೆ ಮಳೆ ಬೀಳದಿದ್ದರೂ ಅದನ್ನೇ ಕುಡಿದು ತೆನೆ ಕಟ್ಟುತ್ತೆ. ನನ್ನನ್ನು ಓದಿಸಿದ್ದು ಆ ಜೋಳ.

ಸಿಂಧನೂರಿನ ಸುತ್ತ ಅದೇ ಮಣ್ಣಲ್ಲಿ ತುಂಗಭದ್ರಾ ಕಾಲುವೆಯ ನೀರು, ಭತ್ತ. ಕೆಲವು ಕಡೆ ಗದ್ದೆಯಂಚಲ್ಲಿ ಬೆಳ್ಳಗೆ ಸವಳು, ಮಣ್ಣಿನ ಉಪ್ಪು, ಎದ್ದಿತ್ತು. ಅಪ್ಪನಿಗೆ ಹಿಡಿಸಲಿಲ್ಲ. "ಎರಿಯಾಗ ನೀರು ನಿಲ್ಲಸಬಾರದು, ನೆಲ ಕೆಡ್ತದ" ಅಂತ ಅಲ್ಲಿನ ಚಹಾದಂಗಡಿಯವನ ಹತ್ತಿರವೇ ಜಗಳಕ್ಕೆ ನಿಂತ. ಅವನೂ ಬಿಡಲಿಲ್ಲ: "ನಿಮಗ ನೀರು ಬಂದ್ರ ನೀವು ಬಿಡ್ತಿದ್ರೇನ್ರಿ?" ಅರ್ಧ ಗಂಟೆ. ಯಾರೂ ಯಾರ ಮಾತಿಗೂ ನಗಲಿಲ್ಲ. ನಾನು ಎರಡನೇ ಚಹಾ ಹೇಳಿ ಕೂತು ಕೇಳಿದೆ. ಒಂದು ತಿಂಗಳಿಂದ ನನಗೆ ಕೇಳಬೇಕಾಗಿದ್ದ ದನಿ ಅದು.

ಕೇಳುವುದೇ ಆದರೆ ನನ್ನನ್ನು ಇದನ್ನು ಕೇಳಿ: ನಿಮ್ಮ ಮಾತು ಎಲ್ಲಿಂದ ಬದಲಾಗುತ್ತೆ? ಹದಿನೆಂಟು ವರ್ಷದಲ್ಲಿ ಯಾರೂ ಕೇಳಿಲ್ಲ. ಹಿರಿಯೂರಿನವರೆಗೂ ನಾನು "ಏನ್ ಮಾಡ್ತಿದೀರ" ಅನ್ನುತ್ತೇನೆ. ಬಳ್ಳಾರಿಯ ಹೋಟೆಲಿನಲ್ಲಿ "ರೀ" ಸೇರಿಕೊಳ್ಳುತ್ತೆ. ತುಂಗಭದ್ರೆ ದಾಟಿ ಯಾರೋ "ಎಲ್ಲಿಗಿ ಹೊಂಟೀರಿ" ಅಂದರೆ ನನ್ನ ಬಾಯಿಂದ "ಊರಿಗಿ ಹೊಂಟೀನ್ರಿ" ಅಂತ ತಾನಾಗಿ ಬರುತ್ತೆ. ಮೈಸೂರಿನಲ್ಲಿ ದಿನವೂ ಮಡಿಚಿಡುವ ನಾಲಿಗೆ ಒಂದೊಂದೇ ಊರಿಗೆ ಬಿಚ್ಚಿಕೊಳ್ಳುತ್ತೆ. ರೈಲಲ್ಲಿ ಕಣ್ಣುಬಿಟ್ಟರೆ ನೇರ ಕಲಬುರಗಿ. ನಾನಿನ್ನೂ ಮೈಸೂರಿನವಳಾಗಿಯೇ ಇರುತ್ತೇನೆ. ಹಾಗೆ ಹೋದಾಗ ಅಮ್ಮ ಎರಡು ದಿನ "ಯಾಕ ಹಿಂಗ ಮಾತಾಡ್ತಿ, ಮಂದಿ ಮಾತಾಡ್ದಂಗ" ಅನ್ನುತ್ತಾಳೆ. ಆ ಎರಡು ದಿನವನ್ನು ನಾನು ದಾರಿಯಲ್ಲೇ ಕಳೆದು ಹೋಗುತ್ತೇನೆ, ಅಷ್ಟೆ. ಹಾಳು ಮಾಡುವುದಿಲ್ಲ.

ಬರೀ ಬಯಲು ಅನ್ನುವವರಿಗೆ ಮಸ್ಕಿಯೂ ಇದೇ ದಾರಿಯಲ್ಲಿದೆ. ಅಶೋಕ ಅನ್ನೋ ಹೆಸರೇ ಇರುವ ಶಾಸನ ಮೊದಲು ಸಿಕ್ಕದ್ದು ಅಲ್ಲಿನ ಬಂಡೆಯ ಮೇಲೆ, 1915ರಲ್ಲಿ.

ಎಳ್ಳಮಾಸಿ ದಿನ ಹೊಲದಲ್ಲಿ ಚರಗ ಚೆಲ್ಲಿ (ಭೂಮಿತಾಯಿಗೆ ಎಡೆ ಎರಚಿ), ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಹಾಕಿಕೊಂಡು ಎಲ್ಲರೂ ಕೂತೆವು. ಅಪ್ಪ ದಾರಿಯ ಕಥೆ ತೆಗೆದ. ಅಟ್ಟದ ಮೇಲೆ ಒಣಗುವ ಕೊಬ್ಬರಿಯನ್ನು ಒಪ್ಪಿಕೊಂಡರು. ಹುರುಳಿಯನ್ನು ಹೆದ್ದಾರಿಯಲ್ಲಿ ಹಾಸುತ್ತಾರೆ ಅಂದಾಗ ಕಾಕಾನ ಮಕ್ಕಳು ಹೋ ಅಂತ ನಕ್ಕರು. ಅಪ್ಪನಿಗೆ ಸಿಟ್ಟು ಬಂತು. "ಹೋಗ್ರಿ, ಅಕಿ ಕಾರಿನ ಬುಡಕ ನೋಡಿ ಬರ್ರಿ" ಅಂದ.

ಹುಡುಗರು ಹೋಗಿ ಕಾರಿನ ಅಡಿಗೆ ತೂರಿಕೊಂಡರು. ಹಿಂದಿನ ಗಾಲಿಯ ಒಳಬದಿಯಲ್ಲಿ ಸುತ್ತಿಕೊಂಡಿದ್ದ ಒಂದು ಹಿಡಿ ಹುರುಳಿ ಬಳ್ಳಿ ಎಳೆದು ತಂದರು, ಧೂಳು ಹಿಡಿದದ್ದು, ಎರಡು ಕಾಯಿ ಇನ್ನೂ ಒಡೆಯದೆ ಹಾಗೇ ಇತ್ತು. ಅಪ್ಪ ಕಾಯಿ ಬಿಡಿಸಿಕೊಂಡು ಜೇಬಿಗೆ ಹಾಕಿಕೊಂಡ. ಬಳ್ಳಿಯನ್ನು ಎತ್ತಿನ ಮುಂದೆ ಹಿಡಿದ. ಎತ್ತು ಮೂಸಿತು, ತಿಂತು.