ಮೀಟರ್ 0.0 ಅಂದರೆ ಬೆಂಜೀನ್ ಇಲ್ಲ ಅಂತಲ್ಲ

ಪೀಣ್ಯದಂಥ ಕಡೆ ಥಿನ್ನರ್ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಕೈಯಲ್ಲಿರುವ ಪಿಐಡಿ ಮೀಟರ್ (ಗಾಳಿಯಲ್ಲಿನ ದ್ರಾವಕದ ಆವಿ ಅಳೆಯುವ ಯಂತ್ರ) 0.0 ತೋರಿಸುವುದುಂಟು. ಮೀಟರ್ ಕೆಟ್ಟಿದೆ ಅಂತಲ್ಲ. ಸಾಮಾನ್ಯ ಮೀಟರ್ ಓದುವ ಅತಿ ಸಣ್ಣ ಅಂಕಿ 0.1 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 0.1 ಪಾಲು. ವಿಷಕಾರಿ ಆವಿಯಾದ ಬೆಂಜೀನ್ ಲೆಕ್ಕದಲ್ಲಿ ಅದು ಘನ ಮೀಟರ್‌ಗೆ ಸುಮಾರು 320 ಮೈಕ್ರೋಗ್ರಾಂ. ನಮ್ಮ 2009ರ ವಾಯು ಗುಣಮಟ್ಟದ ಮಾನದಂಡದಲ್ಲಿ ವರ್ಷದ ಸರಾಸರಿಗೆ ಇರುವ ಮಿತಿ ಬರೀ 5! ಸೋರಿಕೆ ಹುಡುಕಲು ಪಿಐಡಿ ಒಳ್ಳೆಯದೇ, ಬಡಾವಣೆಯ ಗಾಳಿ ಅಳೆಯಲು ಅದು ಸಾಲದು.

ಅಲ್ಲಿಗೆ 200 ಮಿಲಿಗ್ರಾಂ ಟೆನಾಕ್ಸ್ ಟಿಎ (ಆವಿಯನ್ನು ಹಿಡಿದಿಡುವ ಪುಡಿ) ತುಂಬಿದ ಸ್ಟೀಲ್ ಟ್ಯೂಬ್, ಸಣ್ಣ ಪಂಪ್ ಬೇಕು. ನಿಮಿಷಕ್ಕೆ 20 ಮಿಲಿಲೀಟರಿನಂತೆ 100 ನಿಮಿಷ ಎಳೆದರೆ 2 ಲೀಟರ್ ಗಾಳಿ. ಗಾಳಿಯಲ್ಲಿ ಬೆಂಜೀನ್ ಘನ ಮೀಟರ್‌ಗೆ 5 ಮೈಕ್ರೋಗ್ರಾಂ ಇದ್ದರೆ ಟ್ಯೂಬಿಗೆ ಸಿಗುವುದು 10 ನ್ಯಾನೋಗ್ರಾಂ. ಬಿಸಿ ಮಾಡಿ ಬಿಡಿಸಿದರೆ ಅಷ್ಟನ್ನೂ ಜಿಸಿಗೆ (ಆವಿಗಳನ್ನು ಬೇರ್ಪಡಿಸಿ ಅಳೆಯುವ ಪ್ರಯೋಗಾಲಯದ ಯಂತ್ರ) ಕಳಿಸಬಹುದು. ಇದ್ದಿಲಿನ ಟ್ಯೂಬಾದರೆ 1 ಮಿಲಿಲೀಟರ್ ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ 1 ಮೈಕ್ರೋಲೀಟರ್ ಹಾಕುತ್ತೀರಿ, ಅಂದರೆ ಸಾವಿರದಲ್ಲಿ ಒಂದು ಪಾಲು. ಸಾಲದ್ದಕ್ಕೆ ಆ ದ್ರಾವಕದಲ್ಲೇ ಹೆಚ್ಚಾಗಿ ಬೆಂಜೀನ್ ಕಲಬೆರಕೆ ಇರುತ್ತದೆ.

ಹಾಗಾದರೆ 10 ಲೀಟರ್ ಎಳೆಯೋಣ ಅನ್ನಬೇಡಿ. 20 ಡಿಗ್ರಿಯಲ್ಲಿ ಈ ಟ್ಯೂಬ್ ಬೆಂಜೀನನ್ನು ಹಿಡಿದಿಡುವುದು ಸುಮಾರು 6 ಲೀಟರ್‌ವರೆಗೆ ಮಾತ್ರ. ಬಿಸಿಲು 10 ಡಿಗ್ರಿ ಏರಿದರೆ ಅದು ಅರ್ಧವಾಗುತ್ತದೆ. ಹಿಂದೆ ಇನ್ನೊಂದು ಟ್ಯೂಬ್ ಜೋಡಿಸಿ ನೋಡಿ: ಅದರಲ್ಲಿ ಒಟ್ಟು ಬೆಂಜೀನಿನ ಶೇ. 5ಕ್ಕಿಂತ ಹೆಚ್ಚು ಸಿಕ್ಕಿದರೆ ಮೊದಲ ಟ್ಯೂಬ್ ತುಂಬಿ ಸೋರಿದೆ ಎಂದರ್ಥ. ಪಂಪಿನ ಹರಿವನ್ನು ಮೊದಲು, ಕೊನೆಗೆ ಎರಡೂ ಸಲ ಟ್ಯೂಬ್ ಹಾಕಿಯೇ ಅಳೆಯಿರಿ, ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಸ್ಯಾಂಪಲ್ ಬಿಟ್ಟುಬಿಡಿ.

ಹೆಚ್ಚು ಕೆಡುವುದು ಸಣ್ಣ ಕೈತಪ್ಪುಗಳಿಂದ. ಟ್ಯೂಬಿನ ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆದರೆ ಶಾಯಿಯ ದ್ರಾವಕವೇ ಟೆನಾಕ್ಸ್‌ಗೆ ಸೇರುತ್ತದೆ. ಅಂಟಿನ ಲೇಬಲ್ಲೂ ಅಷ್ಟೇ. ಕೆತ್ತಿದ ನಂಬರನ್ನೇ ಪುಸ್ತಕದಲ್ಲಿ ಬರೆದುಕೊಳ್ಳಿ. ಹಿತ್ತಾಳೆ ಮುಚ್ಚಳವನ್ನು ಬೆರಳಲ್ಲಿ ಬಿಗಿದ ಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಾಕು. ಅತಿಯಾಗಿ ಬಿಗಿದರೆ ಒಳಗಿನ ಪಿಟಿಎಫ್‌ಇ (ಟೆಫ್ಲಾನ್) ಬಳೆ ಜಜ್ಜಿಹೋಗಿ ಮುಂದಿನ ಸಲ ಗಾಳಿ ನುಸುಳುತ್ತದೆ. ಟ್ಯೂಬನ್ನು ಅದರ ಮೇಲಿನ ಬಾಣದ ಗುರುತು ನೋಡಿ ಹಾಕಿ. ಜನರೇಟರ್ ಪಕ್ಕ ಪಂಪ್ ಇಟ್ಟರೆ ಅಳೆದದ್ದು ಜನರೇಟರಿನ ಹೊಗೆ.

ಒಂದು ದಿನದ ಅಂಕಿ ಹಿಡಿದು ಮಿತಿ ಮೀರಿದೆ ಅನ್ನಲಾಗದು. ವರ್ಷದ ಸರಾಸರಿಗೆ ವಾರಕ್ಕೆರಡರಂತೆ ಕನಿಷ್ಠ 104 ಅಳತೆ ಬೇಕು, ಪ್ರತಿಯೊಂದೂ 24 ಗಂಟೆಯದು. ಒಂದೇ ಟ್ಯೂಬ್ ಅಷ್ಟು ಹೊತ್ತು ತಡೆಯದು, ಸರದಿಯಂತೆ ಟ್ಯೂಬ್ ಬದಲಿಸಬೇಕು. ಪ್ರತಿ ಸಲವೂ ಮುಚ್ಚಳ ತೆಗೆದು ತಕ್ಷಣ ಹಾಕಿದ, ಗಾಳಿ ಎಳೆಯದ ಒಂದು ಟ್ಯೂಬ್ ಜೊತೆಗಿರಲಿ. ಅದರಲ್ಲೇ 5 ನ್ಯಾನೋಗ್ರಾಂ ಬಂದರೆ ಅವತ್ತಿನ 10ಕ್ಕೆ ಅರ್ಥವಿಲ್ಲ. ಟ್ಯೂಬುಗಳನ್ನು ಮತ್ತೆ ಕಾಯಿಸಿ ಶುದ್ಧ ಮಾಡಿ.