ಜಿಗಿತದ ಜೊತೆ ಗೋಡೆಯೂ ಕಾಣಬೇಕು

ತುಮಕೂರಿನಲ್ಲಿ ನನ್ನ ಹೊಟ್ಟೆಪಾಡು ಮದುವೆ, ನಾಮಕರಣದ ಫೋಟೋಗಳಿಂದ ನಡೆಯುತ್ತದೆ. ಮನಸ್ಸೆಲ್ಲ ಪಾರ್ಕೋರ್ ಹುಡುಗರ ಜೊತೆ. ಗೋಡೆ, ಮೆಟ್ಟಿಲು, ಕಂಬಿ, ಏನೇ ಅಡ್ಡ ಬಂದರೂ ಓಡಿ, ಹತ್ತಿ, ಹಾರಿ ದಾಟುವ ಈ ಕಲೆಯನ್ನು ಪ್ಯಾರಿಸ್ ಹತ್ತಿರದ ಲಿಸ್ ಎಂಬ ಊರಲ್ಲಿ ಡೇವಿಡ್ ಬೆಲ್ ಮತ್ತು ಗೆಳೆಯರು ಬೆಳೆಸಿದರು. ಬೆಲ್ ಅವರ ಅಪ್ಪ ಪ್ಯಾರಿಸ್‌ನ ಅಗ್ನಿಶಾಮಕ ದಳದಲ್ಲಿದ್ದವರು. ಬೇಗ ತಲುಪಬೇಕು, ಪೆಟ್ಟಾಗಬಾರದು ಅನ್ನೋ ಲೆಕ್ಕ ಇದರಲ್ಲಿ ಮೊದಲಿನಿಂದಲೂ ಇದೆ.

ಆ ಲೆಕ್ಕ ಫೋಟೋದಲ್ಲಿ ಕಾಣಬೇಕು. ಎಲ್ಲಿಂದ ಹಾರಿದ, ಎಲ್ಲಿ ಇಳೀತಾನೆ, ಎರಡೂ ಫ್ರೇಮಿನಲ್ಲಿರಬೇಕು. ವೈಡ್ ಲೆನ್ಸ್ ಹಾಕಿ ನೆಲದ ಮೇಲೆ ಮಲಗಿ ತೆಗೆದರೆ ನಾಲ್ಕಡಿ ಗೋಡೆ ಹತ್ತಡಿ ಥರ ಕಾಣುತ್ತದೆ. ಲೈಕೂ ಜಾಸ್ತಿ. ಅದನ್ನು ನೋಡಿದ ಎಂಟನೇ ಕ್ಲಾಸಿನ ಹುಡುಗ ನಿಜವಾದ ಹತ್ತಡಿಯಿಂದ ಹಾರಿದರೆ ಗತಿ ಏನು? ನಾನು ಪಕ್ಕದಲ್ಲಿ ನಿಂತು, ಎತ್ತರ ಇದ್ದ ಹಾಗೇ ತೆಗೆಯುತ್ತೇನೆ.

ಜಿಗಿತಕ್ಕೆ ಮುಂಚಿನ ಕೆಲಸ ನನಗೆ ತುಂಬಾ ಇಷ್ಟ. ಹುಡುಗರು ಅಂಗೈಯಲ್ಲಿ ಗೋಡೆಯ ಅಂಚು ಸವರುತ್ತಾರೆ. ಸಿಮೆಂಟ್ ಉದುರುತ್ತಾ ಅಂತ ಉಗುರಲ್ಲಿ ಕೆರೆದು ನೋಡುತ್ತಾರೆ. ಶೂ ಅಡಿಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ. ಎರಡು ಗೋಡೆ ನಡುವಿನ ದೂರವನ್ನು ಹೆಜ್ಜೆಯಲ್ಲಿ ಅಳೆದು, ಅಷ್ಟೇ ದೂರ ಮೊದಲು ನೆಲದ ಮೇಲೆ ಹಾರುತ್ತಾರೆ. ಇಳಿದಾಗ ಧಡ್ ಅಂತ ಸದ್ದಾದರೆ ಮೇಲೆ ಹತ್ತುವುದೇ ಇಲ್ಲ. ಆ ದಿನಕ್ಕೆ ಅಷ್ಟೇ. ಅಷ್ಟು ಶಿಸ್ತು ನಾನು ಬೇರೆಲ್ಲೂ ನೋಡಿಲ್ಲ.

ನನ್ನ ಕಡೆಯ ತಯಾರಿ ಸರಳ. ಶಟರ್ 1/1000 ಸೆಕೆಂಡ್ ಅಥವಾ ಅದಕ್ಕಿಂತ ವೇಗ, ಫೋಕಸ್ ಮೊದಲೇ ಇಳಿಯುವ ಜಾಗದ ಮೇಲೆ.

ಮದುವೆಮನೆಯಲ್ಲಿ "ಹಾರ ಇನ್ನೊಂದ್ಸಲ ಹಾಕಿ ಮೇಡಂ" ಅನ್ನಬಹುದು. ಇಲ್ಲಿ ಇನ್ನೊಂದ್ಸಲ ಅನ್ನಬಾರದು. ಕಾಲು ಸೋತಿರುತ್ತದೆ, ಆದರೂ ಅಣ್ಣ ಕೇಳಿದರಲ್ಲ ಅಂತ ಸಂಕೋಚಕ್ಕೆ ಹಾರಿಬಿಡುತ್ತಾರೆ. ಶಾಟ್ ಸಿಗದಿದ್ದರೆ ಬೇಡ.

ಆ ಗೋಡೆಯ ಮನೆಯವರು ಹೊರಗೆ ಬಂದು "ಗೋಡೆ ಬಿದ್ರೆ ನೀನ್ ಕಟ್ಟಿಸ್ಕೊಡ್ತೀಯೇನಪ್ಪಾ?" ಅಂತ ಕೇಳುವುದುಂಟು. ನ್ಯಾಯವಾದ ಮಾತು ಅಲ್ವಾ? ಅದಕ್ಕೇ ಮೊದಲು ಅವರ ಬಾಗಿಲು ತಟ್ಟಿ ಕೇಳುತ್ತೇನೆ. ಬೇಡ ಅಂದರೆ ಬೇರೆ ಜಾಗ. ರೈಲು ಹಳಿ ಪಕ್ಕ, ಅರ್ಧ ಕಟ್ಟಿದ ಬಿಲ್ಡಿಂಗ್, ಮಳೆಗಾಲದಲ್ಲಿ ಪಾಚಿ ಕಟ್ಟಿದ ದೇವರಾಯನದುರ್ಗದ ಬಂಡೆ, ಇಲ್ಲಿಗೆಲ್ಲ ಎಷ್ಟು ದುಡ್ಡು ಕೊಟ್ಟರೂ ಕ್ಯಾಮೆರಾ ತರಲ್ಲ ಅಂತ ಹುಡುಗರಿಗೆ ಮೊದಲೇ ಹೇಳಿದ್ದೇನೆ.